ಪೇಟ್ಲದಿಂದ ಪೇಂಟ್‌ಬಾಲ್‌ವರೆಗೆ: ಗಾಳಿ ಸೋರಿದ್ರೆ ಆಟ ಮುಗೀತು

1/6
ಪೇಂಟ್‌ಬಾಲ್ ಆಡುವವರು ಕೈಯಲ್ಲಿ ಹಿಡಿಯುವುದನ್ನು ಆಟ ಗೊತ್ತಿದ್ದವರು ಗನ್ ಅಂತ ಕರೆಯುವುದು ಕಡಿಮೆ. ಅವರ ಬಾಯಲ್ಲಿ ಅದು ಮಾರ್ಕರ್. ಅಂದರೆ ಗುರುತು ಹಾಕುವ ಸಾಧನ. ಆ ಹೆಸರಿನ ಕಥೆ ಹೇಳ್ತೇನೆ. ಆದರೆ ಮೊದಲು ನಮ್ಮ ಉಡುಪಿಯಿಂದಲೇ ಶುರು ಮಾಡುವ. ಯಾಕಂದ್ರೆ ಗಾಳಿ ಒತ್ತಿ ಉಂಡೆ ಹಾರಿಸುವ ಆಟ ನಮಗೆ ಹೊಸತಲ್ಲ ಮಾರಾಯ್ರೆ. ಅಷ್ಟಮಿ, ವಿಟ್ಲಪಿಂಡಿ ಸಮಯಕ್ಕೆ ಮಕ್ಕಳ ಕೈಯಲ್ಲಿ "ಟಪ್" ಅಂತ ಸಿಡಿಯುವ ಬಿದಿರಿನ ಪೇಟ್ಲ ನೋಡಿದ್ದೀರಲ್ಲ? ಅದೇ.

2/6
ಪೇಟ್ಲದಲ್ಲಿ ಇರುವುದು ಎರಡೇ ಭಾಗ. ಎರಡೂ ಕಡೆ ತೆರೆದ ಬಿದಿರಿನ ಕೊಳವೆ, ಹಿಡಿ ಇರುವ ಒಂದು ಕೋಲು. ಮಳೆಗಾಲದಲ್ಲಿ ಸಿಗುವ ಸಣ್ಣ ಹಸಿರು ಕಾಯಿಯೇ ಗುಂಡು. ಕಾಯಿ ಸಿಗದಿದ್ರೆ ಒದ್ದೆ ಕಾಗದದ ಉಂಡೆಯೂ ಆಗ್ತದೆ.

ಮೊದಲ ಕಾಯಿಯನ್ನು ತೂರಿ ಇನ್ನೊಂದು ತುದಿಯವರೆಗೆ ತಳ್ಳಬೇಕು. ಕೋಲು ಕೊಳವೆಗಿಂತ ಸ್ವಲ್ಪ ಗಿಡ್ಡ, ಹಾಗಾಗಿ ಕಾಯಿ ಹೊರಗೆ ಬೀಳದೆ ಬಾಯಲ್ಲೇ ನಿಲ್ತದೆ. ಈಗ ಎರಡನೇ ಕಾಯಿ ಹಾಕಿ ಜೋರಾಗಿ ತಳ್ಳಿ. ಎರಡು ಕಾಯಿಯ ನಡುವೆ ಸಿಕ್ಕಿಬಿದ್ದ ಗಾಳಿಗೆ ಜಾಗ ಕಡಿಮೆಯಾಗ್ತದೆ, ಒತ್ತಡ ಏರ್ತದೆ, ಮುಂದಿನ ಕಾಯಿ ಹಾರ್ತದೆ. ಹಿಂದಿನದ್ದು ಬಾಯಿಗೆ ಬಂದು ಮುಂದಿನ ಸಲಕ್ಕೆ ರೆಡಿ. ಗಾಳಿಯ ಜಾಗ ಕಡಿಮೆಯಾದಷ್ಟೂ ಒತ್ತಡ ಹೆಚ್ಚು ಅಂತ ರಾಬರ್ಟ್ ಬಾಯ್ಲ್ 1662ರಲ್ಲಿ ನಿಯಮವಾಗಿ ಬರೆದ. ನಮ್ಮ ಮಕ್ಕಳು ಅದನ್ನು ಕೈಯಲ್ಲೇ ಕಲಿತವರು.

ಇದು ಕರಾವಳಿಯಲ್ಲಿ ಮಾತ್ರ ಇರುವುದಲ್ಲ. ಛತ್ತೀಸ್‌ಗಢದ ಬಸ್ತರ್‌ನಲ್ಲಿ, ಜಗದಲ್‌ಪುರದ ಗೋಂಚಾ ಹಬ್ಬಕ್ಕೆ ಇಂಥದ್ದೇ ಬಿದಿರಿನ "ತುಪ್ಕಿ" ಮಾಡಿ ಪೆಂಗು ಎಂಬ ಕಾಯಿ ಹಾರಿಸ್ತಾರೆ.

3/6
ಈಗ ಸ್ವಲ್ಪ ಸೀರಿಯಸ್ ಇತಿಹಾಸ. 1780ರ ದಶಕದಲ್ಲಿ ಆಸ್ಟ್ರಿಯಾದ ಸೈನ್ಯಕ್ಕೆ ಜಿರಾಂಡೋನಿ ಎಂಬ ಗಾಳಿ ಬಂದೂಕು ಬಂತು. ಮದ್ದು ಬೇಡ, ಹೊಗೆ ಇಲ್ಲ, ಒಮ್ಮೆಗೆ 20ರಷ್ಟು ಗುಂಡು ತುಂಬಬಹುದು. ಆ ಕಾಲಕ್ಕೆ ಅದೊಂದು ಅದ್ಭುತ. ಆದರೂ ಯಾಕೆ ನಿಲ್ಲಲಿಲ್ಲ? ಗಾಳಿ ತುಂಬುವ ಬುರುಡೆಗೆ ಕೈಪಂಪಿನಲ್ಲಿ ಸುಮಾರು 1500 ಸಲ ಹೊಡೆಯಬೇಕಿತ್ತು. ಚರ್ಮದ ವಾಷರ್ ಒಣಗಿದ್ರೆ ಗಾಳಿ ಸೋರ್ತಿತ್ತು. ರಣರಂಗದಲ್ಲಿ ಇಷ್ಟು ಆರೈಕೆ ಮಾಡ್ಲಿಕ್ಕೆ ಯಾರಿಗೆ ಸಮಯ ಉಂಟು? 1815ರ ಹೊತ್ತಿಗೆ ಅದು ಸೈನ್ಯದಿಂದಲೇ ಹೊರಗೆ.

ಬಿಕಾಂನವರ ಭಾಷೆಯಲ್ಲಿ ಹೇಳುವುದಾದ್ರೆ, ವಸ್ತು ಒಳ್ಳೆಯದೇ, ಆದರೆ ಮೆಂಟೆನೆನ್ಸ್ ಖರ್ಚು ಅದನ್ನು ನುಂಗಿತು. ಗಾಳಿಯ ಆಯುಧದ ಇಡೀ ಇತಿಹಾಸದಲ್ಲಿ ಇದೊಂದು ಪಾಠ ನೆನಪಿಡಿ: ಅದು ಬದುಕುವುದು ಬಲದಿಂದಲ್ಲ, ಬಿಗಿಯಿಂದ.

4/6
ಇನ್ನು ಮಾರ್ಕರ್ ಕಥೆ. ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ ಅರಣ್ಯದವರಿಗೆ ಬಣ್ಣ ಮಾರ್ತಿತ್ತು. ಕಡಿಯಬೇಕಾದ ಮರಕ್ಕೆ ದೂರದಿಂದಲೇ ಗುರುತು ಹಾಕ್ಲಿಕ್ಕೆ ಬಣ್ಣದ ಉಂಡೆ, ಅದನ್ನು ಹಾರಿಸ್ಲಿಕ್ಕೆ ನೆಲ್‌ಸ್ಪಾಟ್ 007 ಎಂಬ ಪಿಸ್ತೂಲು. ಅದನ್ನು ತಯಾರಿಸಿದ್ದು ಡೇಯ್ಸಿ ಕಂಪನಿ. ದನಗಳಿಗೆ ಗುರುತು ಹಾಕ್ಲಿಕ್ಕೂ ಅದು ಬಳಕೆಯಾಯ್ತು. "ಮಾರ್ಕರ್" ಹುಟ್ಟಿದ್ದು ಇಲ್ಲಿ.

1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಕಾಡಲ್ಲಿ 12 ಜನ ಇದೇ ಪಿಸ್ತೂಲು ಹಿಡಿದು ಮೊದಲ ಆಟ ಆಡಿದ್ರು. ಗೆದ್ದದ್ದು ಯಾರು? ರಿಚಿ ವೈಟ್ ಎಂಬ ಅರಣ್ಯ ಕೆಲಸದವ. ಒಂದೇ ಒಂದು ಉಂಡೆ ಹಾರಿಸದೆ, ಸದ್ದಿಲ್ಲದೆ ಬಾವುಟಗಳನ್ನೆಲ್ಲ ಒಟ್ಟು ಮಾಡಿದ!

5/6
ಈಗ ಕೆಲಸಕ್ಕೆ ಬರುವ ಭಾಗ, ಸೇವ್ ಮಾಡಿ ಇಟ್ಟುಕೊಳ್ಳಿ. ಟಿಪ್‌ಮನ್ 98ರಂಥ ಮೆಕ್ಯಾನಿಕಲ್ ಮಾರ್ಕರ್‌ನಲ್ಲಿ ಬ್ಯಾಟರಿ ಇಲ್ಲ. ಸ್ಪ್ರಿಂಗ್, ಸುತ್ತಿಗೆ, ಬೋಲ್ಟ್, ವಾಲ್ವ್, ಗಾಳಿ, ಅಷ್ಟೇ. ಅದಕ್ಕೇ ಹೊಸಬರಿಗೆ ಅದು ಸರಿ.

ಜೋಡಿಸುವಾಗ: ಮೊದಲು ಕಣ್ಣಿಗೆ ಮಾಸ್ಕ್. ಬ್ಯಾರಲ್ ಕೈಯಲ್ಲೇ ತಿರುಗಿಸಿ ಬಿಗಿ ಮಾಡಿ, ಅದರ ಬಾಯಿಗೆ ಕವರ್ ಹಾಕಿ, ಸೇಫ್ಟಿ ಆನ್ ಮಾಡಿ. ಆಮೇಲೆ ಸಿಲಿಂಡರ್. ಅದರ ಮೇಲೆ ಕೆತ್ತಿದ ಪರೀಕ್ಷೆಯ ದಿನಾಂಕ ನೋಡದೆ ತಿರುಗಿಸಬೇಡಿ. "ಸುಸ್ಸ್" ಅಂತ ಸದ್ದು ನಿಲ್ಲದಿದ್ರೆ ತುದಿಯ ಓ-ರಿಂಗ್ ಹೋಗಿದೆ ಅಂತ ಲೆಕ್ಕ. ಉಂಡೆ ತುಂಬುವುದು ಕೊನೆಗೆ. ಮೈದಾನದಲ್ಲಿ ವೇಗ ಅಳೆಸಿ, ಸೆಕೆಂಡಿಗೆ 300 ಅಡಿ ದಾಟಬಾರದು. ದಾಟಿದ್ರೆ ವೇಗದ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮತ್ತೆ ಅಳೆಯಿರಿ.

ಉಂಡೆ ಮತ್ತು ಬ್ಯಾರಲ್‌ನ ಹೊಂದಾಣಿಕೆ ನೋಡ್ಲಿಕ್ಕೆ ಸುಲಭದ ದಾರಿ ಉಂಟು. ಬ್ಯಾರಲ್ ಬಿಚ್ಚಿ, ಒಂದು ಉಂಡೆ ಹಾಕಿ. ತಾನಾಗಿ ಉರುಳಿ ಬಿದ್ರೆ ಸಡಿಲ. ಊದಿದ್ರೂ ಅಲುಗದಿದ್ರೆ ಬಿಗಿ. ಮೆಲ್ಲ ಊದಿದಾಗ ಹೊರಗೆ ಬಂದ್ರೆ ಸರಿ. ಪೇಟ್ಲಕ್ಕೆ ಕಾಯಿ ಆರಿಸುವುದೂ ಇದೇ ಲೆಕ್ಕ ಅಲ್ವಾ?

ಆಟ ಮುಗಿದ ಮೇಲೆ: ಮೊದಲು ಉಂಡೆ ತೆಗೆಯಿರಿ, ನಂತರ ಸಿಲಿಂಡರ್ ಬಿಚ್ಚಿ, ಒಳಗೆ ಉಳಿದ ಗಾಳಿಯನ್ನು ಯಾರೂ ಇಲ್ಲದ ದಿಕ್ಕಿಗೆ ಹಾರಿಸಿ ಖಾಲಿ ಮಾಡಿ. ಆಮೇಲೆಯೇ ಮಾಸ್ಕ್ ತೆಗೆಯುವುದು, ಕ್ಲೀನ್ ಮಾಡುವುದು. ಬ್ಯಾರಲ್ ಒಳಗೆ ಬಟ್ಟೆ ಎಳೆಯಿರಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಪೂರ್ತಿ ಒಣಗಿಸಿ. ಓ-ರಿಂಗ್ ಬಿರಿದಿದ್ರೆ ಬದಲಾಯಿಸಿ. ಮಾರ್ಕರ್‌ಗೆ ಅಂತಲೇ ಬರುವ ಎಣ್ಣೆ ಎರಡು ಹನಿ ಸಾಕು. ಬೈಕಿಗೆ ಹೊಡೆಯುವ ಡಬ್ಲ್ಯುಡಿ-40 ಬೇಡ, ಅದು ರಬ್ಬರ್ ಹಾಳು ಮಾಡ್ತದೆ.

ನಮ್ಮ ಊರಿಗೆ ಸ್ಪೆಷಲ್ ಎಚ್ಚರಿಕೆ: ಉಂಡೆಯ ಸಿಪ್ಪೆ ಜೆಲಟಿನ್. ನಮ್ಮ ಮಳೆಗಾಲದ ಥಂಡಿಗೆ ಉಬ್ಬಿ ಬ್ಯಾರಲ್‌ನಲ್ಲೇ ಒಡೀತದೆ. ಗಾಳಿಯಾಡದ ಡಬ್ಬದಲ್ಲಿಡಿ. ಕಾಪು ಬೀಚಿನ ಹೊಯ್ಗೆ ಒಂದು ಕಾಳು ಓ-ರಿಂಗಿಗೆ ಸಿಕ್ಕಿದ್ರೂ ಸೋರಿಕೆ ಶುರು. ಕಾರ್ಕಳದ ಕೆಂಪು ಧೂಳು ಎಣ್ಣೆಗೆ ಸೇರಿದ್ರೆ ಉಜ್ಜುಕಾಗದವೇ ಆಗ್ತದೆ. ಮಣಿಪಾಲದ ಹಾಸ್ಟೆಲಿನ ಕಪಾಟಿನಲ್ಲಿ ಬಟ್ಟೆಗೇ ಬೂಸ್ಟು ಹಿಡಿಯುವಾಗ ಸ್ಪ್ರಿಂಗಿಗೆ ತುಕ್ಕು ಹಿಡಿಯದಿರ್ತದಾ?

6/6
ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಪೇಂಟ್‌ಬಾಲ್ ಆಟದಲ್ಲಿ ಕೈ ಮುರಿದ್ರೆ ಕೂಡಿಸಬಹುದು, ಕಣ್ಣು ಹೋದ್ರೆ ಮತ್ತೆ ಬರುವುದಿಲ್ಲ. ಆಟಿಕೆಯ ಥರ ಕಾಣ್ತದೆ ಅಂತ ಮಾಸ್ಕ್ ತೆಗೆದು ಸೆಲ್ಫಿ ಹೊಡೆಯುವ ಆ ಎರಡು ನಿಮಿಷವೇ ಅಪಾಯ. ಪೇಟ್ಲದಲ್ಲೂ ಮುಖಕ್ಕೆ ಗುರಿ ಇಡಬೇಡ ಅಂತ ಹಿರಿಯರು ಬೈಯುವುದು ಇದಕ್ಕೇ.

ಇನ್ನೊಂದು ಮಾತು. ಮಾರ್ಕರ್ ಹಾಳಾದ್ರೆ ಸ್ಪೇರ್ ಪಾರ್ಟ್ ಆರ್ಡರ್ ಮಾಡಬಹುದು. ಆದರೆ ಯಾವ ಬಿದಿರು, ಎಷ್ಟು ತೂತು, ಕೋಲು ಎಷ್ಟು ಗಿಡ್ಡ ಅನ್ನುವ ಲೆಕ್ಕ ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ, ಅದು ಮಾಡುವವರ ಕೈಯಲ್ಲಿ ಮಾತ್ರ ಉಂಟು. ಈ ಸಲ ಅಷ್ಟಮಿಗೆ ಪೇಟ್ಲ ಮಾರುವವರು ಕಂಡ್ರೆ ಚರ್ಚೆ ಮಾಡದೆ ಒಂದು ತಗೊಳ್ಳಿ, ಹೇಗೆ ಮಾಡುವುದು ಅಂತಲೂ ಕೇಳಿ.

ನಿಮ್ಮ ಊರಲ್ಲಿ ಪೇಟ್ಲಕ್ಕೆ ಯಾವ ಕಾಯಿ ಹಾಕ್ತಾರೆ? ಮನೆಯಲ್ಲಿ ಅಜ್ಜ ಅಜ್ಜಿ ಹತ್ರ ಕೇಳಿ ಕಮೆಂಟಲ್ಲಿ ಬರೀರಿ.

#ಪೇಟ್ಲ #ಉಡುಪಿ #ವಿಟ್ಲಪಿಂಡಿ #ಪೇಂಟ್‌ಬಾಲ್ #ಕರಾವಳಿ