ಕೋಲಾರದ ಮಖಬರಾ: ಹೈದರಾಲಿಯ ಮೊದಲ ಸಮಾಧಿ

ಹೈದರಾಲಿಯ ಸಮಾಧಿಯೆಂದೊಡನೆ ನೆನಪಾಗುವುದು ಶ್ರೀರಂಗಪಟ್ಟಣದ ಗುಂಬಜ್. ಆದರೆ 1782ರ ಡಿಸೆಂಬರಿನಲ್ಲಿ ಅವನ ದೇಹವನ್ನು ಮೊದಲು ಇರಿಸಿದ್ದು ಕೋಲಾರದಲ್ಲಿ, ಅವನ ತಂದೆ ಫತೆ ಮುಹಮ್ಮದನ ಗೋರಿಯಿರುವ ಮಖಬರಾದಲ್ಲಿ. ಮೈಸೂರು ಇತಿಹಾಸವನ್ನು ಬರೆದವರು ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದೇ ಹೆಚ್ಚು.

ಫತೆ ಮುಹಮ್ಮದನು ಶಿರಾದ ಮೊಗಲ್ ಸುಬೇದಾರರ ಕೈಕೆಳಗೆ ಸೇನಾನಾಯಕನಾಗಿದ್ದು, ಬೂದಿಕೋಟೆಯನ್ನು ಜಹಗೀರಾಗಿ ಪಡೆದಿದ್ದನು. ಹೈದರನು ಹುಟ್ಟಿದ್ದು ಅಲ್ಲಿಯೇ. ಶಿರಾದ ಅಧಿಕಾರಕ್ಕಾಗಿ ನಡೆದ ಕಾಳಗದಲ್ಲಿ ತಂದೆ ಮಡಿದಾಗ ಬಾಲಕನಿಗೆ ಸುಮಾರು ಏಳು ವರ್ಷ. ಹಣ ಸುಲಿಯುವುದಕ್ಕಾಗಿ ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿಖಾನನು ಅವನನ್ನೂ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ತುರುಕಿ ಬಾರಿಸಿದನೆಂದು ಹೇಳಲಾಗುತ್ತದೆ. ಹೀಗೆ ದಿಕ್ಕೆಟ್ಟ ಮನೆತನಕ್ಕೆ ನೆಲದ ಗುರುತಾಗಿ ಉಳಿದದ್ದು ಕೋಲಾರದ ಈ ಗೋರಿ. 1761ರಲ್ಲಿ ಕೋಲಾರ ಸೀಮೆ ಹೈದರನ ವಶವಾಯಿತು.

ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ನಡುವೆ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರನು ಬೆನ್ನಿನ ವ್ರಣದಿಂದ ತೀರಿಕೊಂಡನು. ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದನು. ಸುದ್ದಿ ಹೊರಬಿದ್ದರೆ ಸೈನ್ಯವೇ ಒಡೆಯುವ ಭಯ. ಪೂರ್ಣಯ್ಯ ಮತ್ತು ಕೃಷ್ಣರಾಯರು ದೇಹವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಸೊತ್ತು ಸಾಗಿಸುವ ರೀತಿಯಲ್ಲಿ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಪಾಳೆಯದಲ್ಲಾದರೋ ದೊರೆ ಬದುಕಿರುವಂತೆಯೇ ನಿತ್ಯದ ವ್ಯವಹಾರ ನಡೆಯಿತು. ಸೈನ್ಯ ಹೊರಟಾಗ ಪರದೆ ಮುಚ್ಚಿದ ಪಲ್ಲಕ್ಕಿಯೂ ಜೊತೆಯಲ್ಲಿ ಸಾಗಿತು. ಎರಡನೆಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೇರಿಸುವ ಸಂಚೊಂದು ಹುಟ್ಟಿದರೂ ಬಯಲಾಗಿ ಮುರಿಯಿತು.

ಚಿತ್ತೂರಿನಿಂದ ಘಟ್ಟವೇರಿ ನಂಗಲಿ, ಮುಳಬಾಗಿಲುಗಳ ಮೂಲಕ ಕೋಲಾರಕ್ಕೆ ಬರುವ ದಾರಿಯ ದಕ್ಷಿಣಕ್ಕೆ ಆವನಿಯ ಬೆಟ್ಟವಿದೆ. ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳಿರುವ ಈ ಸೀಮೆಯನ್ನು ಹಾದೇ ಆ ಪೆಟ್ಟಿಗೆ ಸಾಗಿರಬೇಕು. ಕೋಲಾರವನ್ನು ಆರಿಸಿದ್ದಕ್ಕೆ ಅದು ಹತ್ತಿರವೆಂಬುದೊಂದೇ ಕಾರಣವಾಗಿರಲಾರದು. ಅಲ್ಲಿ ತಂದೆಯ ಗೋರಿಯಿತ್ತು. ಗುಟ್ಟನ್ನೂ ಗೌರವವನ್ನೂ ಒಟ್ಟಿಗೆ ಕಾಯಬಲ್ಲ ಬೇರೆ ಸ್ಥಳ ಅಷ್ಟು ಸಮೀಪದಲ್ಲಿ ಮಂತ್ರಿಗಳಿಗೆ ದೊರೆಯುವುದು ಕಷ್ಟವಿತ್ತು.

ಟಿಪ್ಪು ಬಂದು ಅಧಿಕಾರ ವಹಿಸಿಕೊಂಡ ಮೇಲೆ ದೇಹವನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಲಾಲ್‌ಬಾಗಿನಲ್ಲಿ ಕರಿಕಲ್ಲಿನ ಕಂಬಗಳ ಗುಂಬಜ್ ಎದ್ದಿತು. 1799ರ ಮೇ ತಿಂಗಳಲ್ಲಿ ಟಿಪ್ಪುವನ್ನೂ ತಂದೆತಾಯಿಯರ ಮಗ್ಗುಲಲ್ಲೇ ಮಣ್ಣುಮಾಡಿದರು. ಫತೆ ಮುಹಮ್ಮದನು ಮಾತ್ರ ಕೋಲಾರದಲ್ಲಿಯೇ ಉಳಿದನು.