ಮನೆಯವರನ್ನ ಪೊಲೀಸರು ಕರ್ಕೊಂಡು ಹೋದ್ರಾ? ಎಲ್ಲಿದ್ದಾರೆ ಅಂತ ತಿಳಿಯೋದು ಹೀಗೆ

ಸಂಜೆ ಅಂಗಡಿಯಿಂದ ಹೊರಟವರು ರಾತ್ರಿಯಾದರೂ ಮನೆಗೆ ಬಂದಿಲ್ಲ, ಫೋನ್ ಸ್ವಿಚ್ ಆಫ್. ಅಷ್ಟರಲ್ಲಿ ಯಾರೋ ಬಂದು "ಜೀಪಲ್ಲಿ ಕೂರಿಸ್ಕೊಂಡು ಹೋದ್ರು" ಅಂತಾರೆ. ಇಂಥ ಹೊತ್ತಲ್ಲಿ ಬಹಳಷ್ಟು ಮನೆಯವರು ಮೊದಲು ಹೋಗೋದು ಪರಿಚಯದ ಪುಢಾರಿ ಹತ್ರ. ಅದರ ಅಗತ್ಯ ಇಲ್ಲ. ಬಂಧಿಸಿದವರ ಹೆಸರು, ಇಟ್ಟಿರುವ ಜಾಗ ತಿಳಿಸುವುದು ಪೊಲೀಸರ ಕರ್ತವ್ಯ. ಅದಕ್ಕೆ ಒಂದು ರೂಪಾಯಿ ಶುಲ್ಕವೂ ಇಲ್ಲ.

ಕಾನೂನು ಏನು ಹೇಳುತ್ತೆ?

ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಬಂಧನದ ನಿಯಮಗಳನ್ನು ಹಾಕಿಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ (ಬಿಎನ್‌ಎಸ್‌ಎಸ್) ಅವು ಇವೆ. ಕಲಂ 48ರ ಪ್ರಕಾರ, ಬಂಧಿಸಿದ ತಕ್ಷಣ ಆ ವ್ಯಕ್ತಿ ಹೇಳಿದ ಸಂಬಂಧಿಕರಿಗೋ ಸ್ನೇಹಿತರಿಗೋ ವಿಷಯ ಮುಟ್ಟಿಸಬೇಕು, ಯಾರಿಗೆ ತಿಳಿಸಿದೆವು ಅಂತ ಠಾಣೆಯ ಪುಸ್ತಕದಲ್ಲಿ ಬರೆಯಬೇಕು. ಕಲಂ 37ರ ಪ್ರಕಾರ, ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಈ ಮಾಹಿತಿಗೆ ಜವಾಬ್ದಾರಿ. ಬಂಧಿತರ ಹೆಸರು, ವಿಳಾಸ, ಆರೋಪ ಏನು ಅನ್ನೋದು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು.

ಠಾಣೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ

"ಬಂಧನ ಆಗಿದೆಯಾ, ಬರೀ ವಿಚಾರಣೆಗಾ?" ಇದನ್ನೇ ಮೊದಲು ಕೇಳಬೇಕು. ನೋಟಿಸ್ ಕೊಟ್ಟು ವಿಚಾರಣೆಗೆ ಕರೆದಿದ್ದರೆ ಆ ವ್ಯಕ್ತಿ ವಾಪಸ್ ಮನೆಗೆ ಬರಬಹುದು. ವಾಪಸ್ ಬಿಡ್ತಿಲ್ಲ ಅಂದ್ರೆ ಅದು ಬಂಧನವೇ. ಆಗ ಕ್ರೈಂ ನಂಬರ್, ಕಲಂ, ತನಿಖಾಧಿಕಾರಿಯ ಹೆಸರು, ಕರೆದೊಯ್ದ ಸಮಯ ಈ ನಾಲ್ಕನ್ನೂ ಬರೆದುಕೊಳ್ಳಬೇಕು.

ಇದರಲ್ಲಿ ಸಮಯವೇ ಮುಖ್ಯ. ಸಂವಿಧಾನದ 22ನೇ ವಿಧಿ ಪ್ರಕಾರ, ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಮಾತ್ರ ಲೆಕ್ಕಕ್ಕಿಲ್ಲ. ಜೀಪ್ ಬಂದಾಗ ಎಷ್ಟು ಗಂಟೆ ಆಗಿತ್ತು, ಯಾರು ನೋಡಿದರು ಅಂತ ಅವತ್ತೇ ಬರೆದಿಟ್ಟರೆ ಮುಂದೆ ವಕೀಲರಿಗೆ ಅದೇ ಆಧಾರ.

ಈ ಠಾಣೆಯಲ್ಲಿ ಇಲ್ಲ ಅಂದ್ರೆ?

ಜೀಪ್ ನಮ್ಮೂರ ಠಾಣೆಯದ್ದೇ ಆಗಿರಬೇಕು ಅಂತೇನಿಲ್ಲ. ಪಕ್ಕದ ತಾಲ್ಲೂಕಿನವರೋ, ಸೈಬರ್ ಠಾಣೆಯವರೋ, ಹೊರರಾಜ್ಯದ ಪೊಲೀಸರೋ ಬಂದಿರಬಹುದು. ಅಬಕಾರಿ, ಅರಣ್ಯ ಇಲಾಖೆಯವರಿಗೂ ಬಂಧಿಸುವ ಅಧಿಕಾರ ಇದೆ. ಹಾಗಾಗಿ ಮುಂದಿನ ಹೆಜ್ಜೆ ಎಸ್ಪಿ ಕಚೇರಿಯ ಕಂಟ್ರೋಲ್ ರೂಮ್. ರಾತ್ರಿ ಆದ್ರೆ 112ಕ್ಕೆ ಕರೆ ಮಾಡಬಹುದು. ಅಬಕಾರಿ, ಅರಣ್ಯ ಕಚೇರಿಗಳಲ್ಲೂ ಕೇಳಬೇಕು. ಎಲ್ಲೂ ಸುಳಿವು ಸಿಗದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಕಾಣೆಯಾದ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು.

ಎಫ್‌ಐಆರ್ ಆಗಿದ್ದರೆ ಆನ್‌ಲೈನಲ್ಲೂ ನೋಡಬಹುದು. 24 ಗಂಟೆಯೊಳಗೆ ಎಫ್‌ಐಆರ್ ಅನ್ನು ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ನೆಟ್‌ವರ್ಕ್ ತೊಂದರೆ ಇರೋ ಕಡೆ 72 ಗಂಟೆವರೆಗೆ ಅವಕಾಶ ಇದೆ. ಲೈಂಗಿಕ ಅಪರಾಧ, ಪೋಕ್ಸೊದಂಥ ಸೂಕ್ಷ್ಮ ಪ್ರಕರಣಗಳು ಅಲ್ಲಿ ಸಿಗಲ್ಲ.

ಕೋರ್ಟಿನಿಂದ ಜೈಲಿಗೆ

ಮ್ಯಾಜಿಸ್ಟ್ರೇಟ್ ಮುಂದೆ ಹಾಜರಾದ ಮೇಲೆ ಜಾಮೀನು, ಪೊಲೀಸ್ ಕಸ್ಟಡಿ, ನ್ಯಾಯಾಂಗ ಬಂಧನ ಇವುಗಳಲ್ಲಿ ಒಂದು ಆಗುತ್ತೆ. ನ್ಯಾಯಾಂಗ ಬಂಧನ ಅಂದ್ರೆ ಜೈಲು. ಎಲ್ಲ ತಾಲ್ಲೂಕಲ್ಲೂ ಜೈಲಿಲ್ಲ, ಆದ್ದರಿಂದ ಉಪ ಕಾರಾಗೃಹಕ್ಕೋ ಜಿಲ್ಲಾ ಕಾರಾಗೃಹಕ್ಕೋ ಕಳಿಸ್ತಾರೆ. ಮೈಸೂರು, ಶಿವಮೊಗ್ಗ, ಧಾರವಾಡ, ಬೆಳಗಾವಿ, ಬಳ್ಳಾರಿ, ಕಲಬುರಗಿ, ವಿಜಯಪುರ, ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ಕೇಂದ್ರ ಕಾರಾಗೃಹಗಳಿವೆ. ಯಾವ ಜೈಲು ಅನ್ನೋದು ರಿಮ್ಯಾಂಡ್ ಆದೇಶದ ಜೊತೆ ಹೋಗುವ ವಾರಂಟ್‌ನಲ್ಲಿ ಇರುತ್ತೆ. ಜೆಎಂಎಫ್‌ಸಿ ಕೋರ್ಟಿನ ಕಚೇರಿಯಲ್ಲಿ ವಕೀಲರ ಮೂಲಕ ಇದನ್ನು ತಿಳಿಯಬಹುದು. ಭಾನುವಾರ, ಹಬ್ಬದ ರಜೆ ಇದ್ದರೆ ನ್ಯಾಯಾಧೀಶರ ಮನೆಯಲ್ಲೇ ಹಾಜರುಪಡಿಸ್ತಾರೆ. ಅದಕ್ಕೇ ರಜೆ ದಿನ ಕೋರ್ಟ್ ಬಾಗಿಲಲ್ಲಿ ಕಾದು ಕೂತರೆ ಪ್ರಯೋಜನ ಇಲ್ಲ.

ಇ-ಕೋರ್ಟ್ಸ್ ಆ್ಯಪಲ್ಲಿ ಎಫ್‌ಐಆರ್ ನಂಬರ್ ಅಥವಾ ಹೆಸರು ಹಾಕಿ ಕೇಸ್ ಹುಡುಕಬಹುದು. ಜೈಲು ಯಾವುದೆಂದು ಗೊತ್ತಾದ ಮೇಲೆ ಭೇಟಿಗೆ ಇ-ಪ್ರಿಸನ್ಸ್ ವೆಬ್‌ಸೈಟಿನ ಇ-ಮುಲಾಕಾತ್‌ನಲ್ಲಿ ನೋಂದಣಿ ಮಾಡಬಹುದು. ಹೋಗುವಾಗ ಗುರುತಿನ ಚೀಟಿ ಜೊತೆಗಿರಲಿ.

ಹೆಣ್ಣುಮಕ್ಕಳು, ಮಕ್ಕಳ ವಿಷಯ ಬೇರೆ

ವಿಶೇಷ ಸಂದರ್ಭ ಬಿಟ್ಟರೆ ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಮಹಿಳೆಯರನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲೂ ಮಹಿಳಾ ಅಧಿಕಾರಿ ಬೇಕು, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. 18 ವರ್ಷದೊಳಗಿನವರನ್ನು ಲಾಕಪ್ಪಿಗೂ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. ಅವರನ್ನು ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ಮಂಡಳಿ ವೀಕ್ಷಣಾಲಯಕ್ಕೆ ಕಳಿಸಬಹುದು. ಹಾಗಾಗಿ ಹುಡುಗರನ್ನ ಜೈಲಲ್ಲಿ ಹುಡುಕೋದಲ್ಲ, ಮಂಡಳಿಯಲ್ಲಿ ಕೇಳಬೇಕು.

ಯಾರೂ ಬಾಯಿ ಬಿಡದಿದ್ದರೆ

ಎಸ್ಪಿಗೆ ಲಿಖಿತ ದೂರು ಕೊಟ್ಟು, ಅದನ್ನೇ ಇ-ಮೇಲ್ ಅಥವಾ ಸ್ಪೀಡ್ ಪೋಸ್ಟಲ್ಲೂ ಕಳಿಸಿದರೆ ದಿನಾಂಕದ ದಾಖಲೆ ಉಳಿಯುತ್ತೆ. ವಕೀಲರಿಗೆ ದುಡ್ಡಿಲ್ಲದವರು ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. 24 ಗಂಟೆ ದಾಟಿದರೂ ಕೋರ್ಟಿಗೆ ಹಾಜರುಪಡಿಸದೆ ಇಟ್ಟುಕೊಂಡಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಬೆಂಗಳೂರಲ್ಲದೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ.

ಫೋನ್ ಕರೆ ನಂಬಬೇಡಿ

"ನಿಮ್ಮ ಮಗ ಅರೆಸ್ಟ್ ಆಗಿದ್ದಾನೆ, ಕೇಸ್ ಮುಚ್ಚಿಹಾಕೋಕೆ ಫೋನ್‌ಪೇ ಮಾಡಿ" ಅಂತ ವಾಟ್ಸ್‌ಆ್ಯಪ್ ಕಾಲ್ ಬಂದ್ರೆ ಅದು ಮೋಸ. ಪೊಲೀಸ್ ವೇಷ ತೊಟ್ಟು ವಿಡಿಯೋ ಕಾಲಲ್ಲಿ ಬರುವವರೂ ಇದ್ದಾರೆ. "ಡಿಜಿಟಲ್ ಅರೆಸ್ಟ್" ಅನ್ನೋದು ಕಾನೂನಲ್ಲೇ ಇಲ್ಲ. ಕಾಲ್ ಕಟ್ ಮಾಡಿ ಮೊದಲು ಮಗನಿಗೇ ಫೋನ್ ಮಾಡಬೇಕು. ಸಿಗದಿದ್ದರೆ ಯಾವ ಠಾಣೆ ಅಂದಿದ್ದರೋ ಆ ಠಾಣೆಯ ನಂಬರನ್ನು ತಾವೇ ಹುಡುಕಿ ಕೇಳಬೇಕು. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು.