ಮೇದೋಜೀರಕ ಗ್ರಂಥಿಗೆ ಸುದ್ದಿ ಮುಟ್ಟಿಸುವವರು ಯಾರು?

ರಮಝಾನ್ ತಿಂಗಳಲ್ಲಿ ದಿನವಿಡೀ ಉಪವಾಸವಿದ್ದು, ಮಗ್ರಿಬ್‌ನ ಬಾಂಗ್ ಕೇಳಿದೊಡನೆ ನಾವು ಖರ್ಜೂರ ತಿಂದು ನೀರು ಕುಡಿಯುತ್ತೇವೆ. ನಂತರ ಗಂಜಿ, ಸಮೋಸ, ಊಟ. ಆಹಾರ ಸಣ್ಣ ಕರುಳನ್ನು ತಲುಪಿದಾಗ, ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಧಾರಾಳವಾಗಿ ಜೀರ್ಣರಸವನ್ನು ಸುರಿಸುತ್ತದೆ. ಆಹಾರ ಬಂದ ಸುದ್ದಿಯನ್ನು ಈ ಗ್ರಂಥಿಗೆ ಮುಟ್ಟಿಸುವವರು ಯಾರು? ಸುದ್ದಿ ಜೀವಕೋಶದ ಬಾಗಿಲಿಗೆ ಬಂದ ಮೇಲೆ ಅದನ್ನು ಒಳಗೆ ಒಯ್ಯುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಇತಿಹಾಸವು 1883ರಿಂದ 1983ರವರೆಗೆ, ನೂರು ವರ್ಷಗಳಷ್ಟು ಉದ್ದವಾಗಿದೆ. ವಿಜ್ಞಾನ ಓದುವ ನಮ್ಮ ಮಕ್ಕಳು ಇದನ್ನು ತಿಳಿದಿರುವುದು ಒಳ್ಳೆಯದು.

ಇತಿಹಾಸದ ಆರಂಭ ಲಂಡನ್ನಿನ ನಲ್ಲಿಯ ನೀರಿನಿಂದ. ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು, ಅದು ಬಹಳ ಹೊತ್ತು ಬಡಿಯುವುದನ್ನು ಕಂಡು 1882ರಲ್ಲಿ ಲೇಖನ ಪ್ರಕಟಿಸಿದರು. ಆಮೇಲೆ ಅವರಿಗೆ ಒಂದು ವಿಷಯ ತಿಳಿಯಿತು. ದ್ರಾವಣವನ್ನು ಶುದ್ಧ ಭಟ್ಟಿ ನೀರಿನಲ್ಲಿ ಅಲ್ಲ, ನಲ್ಲಿಯ ನೀರಿನಲ್ಲಿ ತಯಾರಿಸಲಾಗಿತ್ತು! ಭಟ್ಟಿ ನೀರಿನಲ್ಲಿ ಮತ್ತೆ ಪ್ರಯೋಗ ಮಾಡಿದರೆ ಹೃದಯದ ಬಡಿತ ಬೇಗನೆ ಕುಂದಿ ನಿಂತುಹೋಯಿತು. ನಲ್ಲಿಯ ನೀರಿನಲ್ಲಿದ್ದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೃದಯವನ್ನು ನಡೆಸುತ್ತಿತ್ತು. ರಿಂಗರ್ ತಮ್ಮ ತಪ್ಪನ್ನು ಮುಚ್ಚಿಡಲಿಲ್ಲ. 1883ರಲ್ಲಿ ಅದನ್ನು ಬಹಿರಂಗವಾಗಿ ಹೇಳಿಕೊಂಡೇ ಹೊಸ ಲೇಖನ ಬರೆದರು. ಕ್ಯಾಲ್ಸಿಯಂ ಎಂದರೆ ಮೂಳೆ ಮತ್ತು ಹಲ್ಲಿನ ವಸ್ತು ಮಾತ್ರವಲ್ಲ, ಜೀವಕೋಶದ ಕೆಲಸಕ್ಕೂ ಅದು ಬೇಕು ಎಂಬ ಅರಿವು ಅಲ್ಲಿಂದ ಬೆಳೆಯಿತು.

ಎರಡನೆಯ ಘಟ್ಟ 1902ರ ಜನವರಿ ತಿಂಗಳಿನದು. ಗ್ರಂಥಿಗೆ ಸುದ್ದಿ ತರುವುದು ನರಗಳು ಎಂಬುದು ರಷ್ಯಾದ ಮಹಾವಿಜ್ಞಾನಿ ಪಾವ್ಲೋವ್ ಅವರ ಅಭಿಪ್ರಾಯವಾಗಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅವರ ಪತ್ನಿಯ ಸಹೋದರ ಅರ್ನೆಸ್ಟ್ ಸ್ಟಾರ್ಲಿಂಗ್ ಇದನ್ನು ಪರೀಕ್ಷಿಸಿದರು. ನಾಯಿಯೊಂದರ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲವನ್ನು ಹಾಕಿದರು. ಆಗಲೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಕರುಳಿನ ಒಳಪದರವನ್ನು ಆಮ್ಲದೊಂದಿಗೆ ಅರೆದು ಸೋಸಿ ರಕ್ತಕ್ಕೆ ಚುಚ್ಚಿದಾಗಲೂ ಹಾಗೆಯೇ ಆಯಿತು. ಸುದ್ದಿ ರಕ್ತದಲ್ಲಿ ಹರಿದು ಬರುತ್ತಿತ್ತು. ಆ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂತಹ ದೂತರಿಗೆಲ್ಲ ಹಾರ್ಮೋನ್ ಎಂಬ ಪದ ಬಳಸಿದರು. ನರಗಳ ಪಾತ್ರವೂ ಇದೆ ಎಂಬುದು ನಿಜ. ಆದರೆ ಅವುಗಳಷ್ಟೇ ದೂತರಲ್ಲ ಎಂಬುದು ಅಂದು ಖಚಿತವಾಯಿತು.

ಸೆಕ್ರೆಟಿನ್ ಮುಖ್ಯವಾಗಿ ಹೊರಡಿಸುವುದು ನೀರು ಮತ್ತು ಕ್ಷಾರವನ್ನು. ಆಹಾರವನ್ನು ಒಡೆಯುವ ಕಿಣ್ವಗಳನ್ನು ಹೊರಡಿಸುವ ಹಾರ್ಮೋನು ಬೇರೆ. ಕೊಬ್ಬು ಮತ್ತು ಪ್ರೋಟೀನು ಕರುಳಿಗೆ ಬಂದಾಗ ಹುಟ್ಟುವ ಅದರ ಹೆಸರು ಕೊಲೆಸಿಸ್ಟೊಕೈನಿನ್. ಪಿತ್ತಕೋಶವನ್ನು ಸಂಕುಚಿಸುವ ಹಾರ್ಮೋನಾಗಿ 1928ರಲ್ಲಿ, ಕಿಣ್ವಗಳನ್ನು ಹೊರಡಿಸುವ ಹಾರ್ಮೋನಾಗಿ 1943ರಲ್ಲಿ ಇದನ್ನು ಬೇರೆ ಬೇರೆ ಹೆಸರಿನಿಂದ ಗುರುತಿಸಲಾಯಿತು. ಎರಡೂ ಒಂದೇ ಎಂದು ತಿಳಿದದ್ದು 1960ರ ದಶಕದಲ್ಲಿ.

ಇಷ್ಟಾದರೂ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಹಾರ್ಮೋನು ಜೀವಕೋಶದ ಹೊರಗೋಡೆಗೆ ಅಂಟಿ ನಿಲ್ಲುತ್ತದೆ, ಒಳಗೆ ಹೋಗುವುದಿಲ್ಲ. ಹಾಗಾದರೆ ಒಳಗಿನ ಕಿಣ್ವಗಳಿಗೆ ಹೊರಡಲು ಅಪ್ಪಣೆ ಹೇಗೆ ಸಿಗುತ್ತದೆ? 1953ರಲ್ಲಿ ಮೇಬಲ್ ಮತ್ತು ಲೋವೆಲ್ ಹೋಕಿನ್ ದಂಪತಿ ಪಾರಿವಾಳದ ಮೇದೋಜೀರಕ ಗ್ರಂಥಿಯ ತೆಳು ತುಂಡುಗಳಲ್ಲಿ ಒಂದು ವಿಚಿತ್ರ ಕಂಡರು. ನರಗಳ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಸೋಕಿಸಿದಾಗ, ಕಿಣ್ವ ಹೊರಬರುವುದರ ಜೊತೆಗೆ ಜೀವಕೋಶದ ರಂಜಕಯುಕ್ತ ಕೊಬ್ಬು ಬಲು ವೇಗವಾಗಿ ಮರುನಿರ್ಮಾಣವಾಗುತ್ತಿತ್ತು. ಏಕೆಂದು ಯಾರಿಗೂ ತಿಳಿಯಲಿಲ್ಲ. ಅವರು ಕಂಡದ್ದನ್ನು ಕಂಡಂತೆ ಬರೆದಿಟ್ಟರು. 22 ವರ್ಷಗಳ ನಂತರ, 1975ರಲ್ಲಿ, ರಾಬರ್ಟ್ ಮಿಷೆಲ್ ಎಂಬವರು ಈ ಕೊಬ್ಬು ಒಡೆಯುವುದಕ್ಕೂ ಜೀವಕೋಶದೊಳಗೆ ಕ್ಯಾಲ್ಸಿಯಂ ಏರುವುದಕ್ಕೂ ಸಂಬಂಧವಿದೆ ಎಂದು ವಾದಿಸಿದರು.

ಪುರಾವೆ ದೊರೆತದ್ದು 1983ರಲ್ಲಿ. ಕೇಂಬ್ರಿಜ್‌ನಲ್ಲಿ ಮೈಕೆಲ್ ಬೆರಿಜ್ ನೊಣದ ಲಾಲಾಗ್ರಂಥಿಯಲ್ಲಿ ಈ ಕೊಬ್ಬಿನ ಒಂದು ಚೂರನ್ನು ಬೆನ್ನಟ್ಟಿದ್ದರು. ಅದರ ಚಿಕ್ಕ ಹೆಸರು ಐಪಿ3. ಫ್ರಾಂಕ್‌ಫರ್ಟ್‌ನಲ್ಲಿ ಹಾನ್ಸ್ ಸ್ಟ್ರೆಬ್ ಮತ್ತು ಐರೀನ್ ಶುಲ್ಜ್ ಅವರ ಬಳಿ ಹೊರಗೋಡೆಯಲ್ಲಿ ರಂಧ್ರ ಮಾಡಿದ ಮೇದೋಜೀರಕ ಜೀವಕೋಶಗಳಿದ್ದವು. ರಾಬಿನ್ ಅರ್ವಿನ್ ಅವರೂ ಸೇರಿ ನಾಲ್ವರು ಐಪಿ3ಯನ್ನು ಆ ಕೋಶಗಳಿಗೆ ಹಾಕಿದಾಗ, ಒಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬಂದಿತು. ಕೊಂಡಿ ಪೂರ್ಣವಾಯಿತು. ಹಾರ್ಮೋನು ಬಾಗಿಲು ತಟ್ಟುತ್ತದೆ, ಕೊಬ್ಬು ಒಡೆದು ಐಪಿ3 ಹುಟ್ಟುತ್ತದೆ, ಐಪಿ3 ಉಗ್ರಾಣ ತೆರೆಯುತ್ತದೆ, ಕ್ಯಾಲ್ಸಿಯಂ ಏರುತ್ತದೆ, ಕಿಣ್ವ ಹೊರಡುತ್ತದೆ. ಇದೇ ವ್ಯವಸ್ಥೆ ದೇಹದ ಇನ್ನೂ ಅನೇಕ ಜೀವಕೋಶಗಳಲ್ಲಿದೆ.

ಇದರ ಅಳತೆ ಅಚ್ಚರಿಗೊಳಿಸುವಂಥದು. ವಿಶ್ರಾಂತಿಯಲ್ಲಿರುವ ಜೀವಕೋಶದೊಳಗೆ ಮುಕ್ತ ಕ್ಯಾಲ್ಸಿಯಂ ಹೊರಗಿಗಿಂತ ಸುಮಾರು 10,000 ಪಟ್ಟು ಕಡಿಮೆ. ಈ ಮೌನವಿರುವುದರಿಂದಲೇ ಸಣ್ಣ ಏರಿಕೆಯೂ ಸಂಕೇತವಾಗಬಲ್ಲದು. ಸಾಮಾನ್ಯ ಊಟದ ಹೊತ್ತಿನಲ್ಲಿ ಕ್ಯಾಲ್ಸಿಯಂ ಅಲೆಅಲೆಯಾಗಿ ಏರುತ್ತದೆ, ಕೂಡಲೇ ಇಳಿಯುತ್ತದೆ.

ಇಳಿಯದಿದ್ದರೆ ಅಪಾಯ. ಕ್ಯಾಲ್ಸಿಯಂ ಬಹಳ ಹೊತ್ತು ಏರಿಯೇ ನಿಂತರೆ, ಕರುಳಿನಲ್ಲಿ ಚುರುಕಾಗಬೇಕಾದ ಕಿಣ್ವಗಳು ಗ್ರಂಥಿಯೊಳಗೇ ಚುರುಕಾಗಿ ಗ್ರಂಥಿಯನ್ನೇ ಜೀರ್ಣಿಸತೊಡಗುತ್ತವೆ. ಮೇದೋಜೀರಕದ ತೀವ್ರ ಉರಿಯೂತದಲ್ಲಿ ನಡೆಯುವುದು ಇದು. ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ ಇದರ ಎರಡು ಮುಖ್ಯ ಕಾರಣಗಳು. ಮದ್ಯವು ದೇಹದ ಕೊಬ್ಬಿನಾಮ್ಲಗಳೊಂದಿಗೆ ಸೇರಿ ಉಂಟಾಗುವ ವಸ್ತುಗಳು ಈ ಕೋಶಗಳಲ್ಲಿ ಕ್ಯಾಲ್ಸಿಯಂ ಇಳಿಯದಂತೆ ಮಾಡುತ್ತವೆ ಎಂದು ಲಿವರ್‌ಪೂಲ್‌ನ ಓಲೆ ಪೀಟರ್ಸನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಇಂತಹ ರೋಗಿಗೆ ಆಸ್ಪತ್ರೆಯಲ್ಲಿ ಹೆಚ್ಚಾಗಿ ಏರಿಸುವ ಡ್ರಿಪ್ ಯಾವುದು ಗೊತ್ತೇ? ರಿಂಗರ್ ಲ್ಯಾಕ್ಟೇಟ್. ನಲ್ಲಿಯ ನೀರಿನ ತಪ್ಪನ್ನು ಒಪ್ಪಿಕೊಂಡ ಅದೇ ರಿಂಗರ್ ಅವರ ಹೆಸರು ಆ ಬಾಟಲಿಯ ಮೇಲಿದೆ.

ನಮ್ಮ ಶಾಲಾ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಒಂದು ಅಭ್ಯಾಸವಿದೆ. ಬಂದ ರೀಡಿಂಗ್ ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ, ವಿದ್ಯಾರ್ಥಿ ಅದನ್ನು ತಿದ್ದಿ ‘ಸರಿಯಾದ’ ಅಂಕಿ ಬರೆಯುತ್ತಾನೆ. ಅಂಕಗಳು ಸಿಗುತ್ತವೆ, ವಿಜ್ಞಾನ ಸಿಗುವುದಿಲ್ಲ. ರಿಂಗರ್ ತಮ್ಮ ತಪ್ಪನ್ನು ಅಡಗಿಸಿದ್ದರೆ, ಹೋಕಿನ್ ದಂಪತಿ ಅರ್ಥವಾಗದ್ದನ್ನು ಬಿಟ್ಟುಬಿಟ್ಟಿದ್ದರೆ, ಈ ನೂರು ವರ್ಷಗಳ ಸರಪಳಿ ನಡುವೆ ಕಡಿದುಹೋಗುತ್ತಿತ್ತು. ಕಣ್ಣು ಕಂಡದ್ದು ಕೈಗೆ ಒಪ್ಪಿಸಿದ ಅಮಾನತ್. ಅದನ್ನು ಕಂಡಂತೆಯೇ ಬರೆಯುವುದನ್ನು ನಮ್ಮ ಮಕ್ಕಳು ಎಂಟನೆಯ ತರಗತಿಯ ಪ್ರಯೋಗ ಪುಸ್ತಕದಿಂದಲೇ ಕಲಿಯಲಿ, ಅದಕ್ಕೆ ಅಂಕ ಕಳೆಯದಿರುವ ಔದಾರ್ಯ ನಮ್ಮ ಶಿಕ್ಷಕರಿಗಿರಲಿ.